ಮೊದಲು ಘಟ್ಟ, ಆಮೇಲೆ ಊರು

ದೂರದ ಸೈಕಲ್ ಪ್ರವಾಸಕ್ಕೆ ಹೊರಟವರು ನೋಡಬೇಕಾದ ಊರುಗಳ ಪಟ್ಟಿ ಹಿಡಿದು ಸಲಹೆ ಕೇಳುತ್ತಾರೆ. ಯಾವ ಘಟ್ಟ ಇಳಿಯುತ್ತೀರಿ, ಯಾವುದನ್ನು ಹತ್ತುತ್ತೀರಿ ಎಂದು ನಾನು ಮೊದಲು ವಿಚಾರಿಸುತ್ತೇನೆ. ಮಲೆನಾಡು, ಕರಾವಳಿ ಎರಡನ್ನೂ ಸುತ್ತುವವರ ಉಳಿದ ಲೆಕ್ಕವೆಲ್ಲ ಅದರ ಮೇಲೆಯೇ ನಿಂತಿರುತ್ತದೆ. ನನಗೆ ತುಂಬ ಇಷ್ಟವಾದ ಸುತ್ತು ಇದು: ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ, ಉಡುಪಿ, ಕುಂದಾಪುರ, ಹೊನ್ನಾವರ, ಜೋಗ, ಸಾಗರ, ಮತ್ತೆ ಶಿವಮೊಗ್ಗ. ಇದನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ.

1. ಆಗುಂಬೆ ಇಳಿಯಿರಿ, ಗೇರುಸೊಪ್ಪೆ ಹತ್ತಿ. ಆಗುಂಬೆಯ 14 ತಿರುವುಗಳು ಕಡಿದಾದವು, ರಸ್ತೆಯೂ ಇಕ್ಕಟ್ಟು. ಲಗೇಜು ಕಟ್ಟಿದ ಸೈಕಲ್ ಏದುಸಿರು ಬಿಡುತ್ತ ಹತ್ತುವಾಗ ಹಿಂದೆ ಬಸ್ಸು ಬಂದರೆ ಸರಿಯಲು ಜಾಗವಿರುವುದಿಲ್ಲ. ಹೊನ್ನಾವರದ ಕಡೆಯಿಂದಾದರೆ ಗೇರುಸೊಪ್ಪೆಯವರೆಗೆ ಶರಾವತಿ ಕಣಿವೆಯ ಹಾದಿ ಹೆಚ್ಚುಕಡಿಮೆ ಸಮತಟ್ಟು. ಕಾಲು ಹದಕ್ಕೆ ಬಂದ ಮೇಲೆಯೇ ಏರು ಎದುರಾಗುತ್ತದೆ. ಹಾಗಂತ ಆಗುಂಬೆಯ ಇಳಿಜಾರು ಪುಕ್ಕಟೆಯಲ್ಲ. ಬ್ರೇಕನ್ನು ಒಂದೇ ಸಮನೆ ಹಿಡಿದರೆ ರಿಮ್ಮು ಕಾದು ಟ್ಯೂಬು ಒಡೆಯಬಹುದು. ಎರಡು ಮೂರು ತಿರುವಿಗೊಮ್ಮೆ ನಿಂತು ರಿಮ್ಮಿನ ಹತ್ತಿರ ಕೈಯಿಟ್ಟು ಬಿಸಿ ನೋಡಿ, ಆರಿದ ಮೇಲೆ ಹೊರಡಿ. ನಿಂತಾಗ ಬಾಳೆಹಣ್ಣು ಚೀಲದ ಒಳಗಿರಲಿ. ಅಲ್ಲಿನ ಮಂಗಗಳಿಗೆ ಹ್ಯಾಂಡಲ್ ಚೀಲದ ಪರಿಚಯ ಚೆನ್ನಾಗಿದೆ.

2. ದಿನದ ಗುರಿಯನ್ನು ಏರು ನೋಡಿ ಹಾಕಿ. ಕರಾವಳಿಯಲ್ಲಿ 80 ಕಿ.ಮೀ. ಸಲೀಸು. ಹೊನ್ನಾವರದಿಂದ ಜೋಗ ಸುಮಾರು 60 ಕಿ.ಮೀ. ಮಾತ್ರ, ಆದರೂ ಅದಕ್ಕೊಂದು ಇಡೀ ದಿನ ಕೊಡಿ. ಹೊರೆ ಹೊತ್ತ ಸೈಕಲ್ ಘಟ್ಟದಲ್ಲಿ ಗಂಟೆಗೆ ಆರೆಂಟು ಕಿ.ಮೀ. ಹೋದರೆ ಹೆಚ್ಚು. ಗೇರುಸೊಪ್ಪೆ ದಾಟಿದರೆ ಕಾಡು. ಅಂಗಡಿ ಅಪರೂಪ, ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ಹೊಟ್ಟೆಯನ್ನೂ ಬಾಟಲಿಗಳನ್ನೂ ಗೇರುಸೊಪ್ಪೆಯಲ್ಲೇ ತುಂಬಿಸಿಕೊಳ್ಳಿ, ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಂಡಿರಿ. ಮಾವಿನಗುಂಡಿ ಬಂತೆಂದರೆ ಜೋಗ ಹತ್ತಿರ.

3. ಗಾಳಿ ಕೇಳಿ ಹೊರಡಿ. ಚಳಿಗಾಲ ಕಳೆಯುತ್ತಿದ್ದಂತೆ ಕರಾವಳಿಯಲ್ಲಿ ಮಧ್ಯಾಹ್ನದ ಕಡಲಗಾಳಿ ವಾಯವ್ಯದಿಂದ ಜೋರಾಗಿ ಬೀಸುತ್ತದೆ. ಉಡುಪಿಯಿಂದ ಉತ್ತರಕ್ಕೆ ಹೋಗುವವರಿಗೆ ಅದು ಎದುರುಗಾಳಿ. ಹಾಗಾಗಿ ನಸುಕಿನಲ್ಲೇ ಹೊರಟು ಹನ್ನೊಂದರೊಳಗೆ ಮುಕ್ಕಾಲು ಪಾಲು ಮುಗಿಸಿ. ಹಿಂದಿನ ರಾತ್ರಿ ಕುಂದಾಪುರದಲ್ಲಿ ತಂಗಿದ್ದರೆ, ಒಂದು ಮಗ್ಗುಲಲ್ಲಿ ಸೌಪರ್ಣಿಕಾ, ಇನ್ನೊಂದು ಮಗ್ಗುಲಲ್ಲಿ ಕಡಲು ಇರುವ ಮರವಂತೆಯ ರಸ್ತೆ ಬೆಳಗಿನ ತಂಪಿನಲ್ಲೇ ಸಿಗುತ್ತದೆ. ಈ ಸುತ್ತಿನಲ್ಲಿ ಅಷ್ಟು ಚೆಲುವಾದ ತುಣುಕು ಇನ್ನೊಂದಿಲ್ಲ.

4. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟ ಬೇಡ. ಗುಡ್ಡ ಕುಸಿಯುವ ಕಾಲವದು.

5. ಸೈಕಲ್‌ಗೆ ಪ್ರವೇಶವಿದೆಯೇ ಎಂದು ಮೊದಲೇ ತಿಳಿದುಕೊಳ್ಳಿ. ಮೈಸೂರಿನ ಕಡೆಗೆ ಸುತ್ತು ಹಾಕುವವರಿಗೆ ಈ ಮಾತು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಬೈಕು, ಆಟೋಗಳ ಜತೆ ಸೈಕಲ್‌ಗೂ ನಿಷೇಧ. ಸರ್ವಿಸ್ ರಸ್ತೆಯೇ ಗತಿ. ಬಂಡೀಪುರದ ಹೆದ್ದಾರಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ.

6. ಸುತ್ತನ್ನು ಅರ್ಧಕ್ಕೇ ನಿಲ್ಲಿಸಬಹುದಾದ ಜಾಗಗಳನ್ನು ನಕ್ಷೆಯಲ್ಲಿ ಗುರುತು ಹಾಕಿ. ಮೊಣಕಾಲು ನೋಯಬಹುದು, ಜ್ವರ ಬರಬಹುದು. ಕರಾವಳಿಯುದ್ದಕ್ಕೂ ಕುಂದಾಪುರ, ಭಟ್ಕಳ, ಹೊನ್ನಾವರಗಳಲ್ಲಿ ರೈಲು ನಿಲ್ದಾಣಗಳಿವೆ. ಘಟ್ಟದ ಮೇಲೆ ಜೋಗದ ಹತ್ತಿರವೇ ಇರುವ ತಾಳಗುಪ್ಪದಿಂದ ಸಾಗರದ ಮೇಲೆ ಶಿವಮೊಗ್ಗಕ್ಕೆ ರೈಲಿದೆ. ಆದರೆ ಸೈಕಲನ್ನು ಪಾರ್ಸೆಲ್ ಮಾಡುವ ಅನುಕೂಲ ಎಲ್ಲ ನಿಲ್ದಾಣಗಳಲ್ಲೂ ಇರುವುದಿಲ್ಲ, ಕೆಲವು ಕಡೆ ರೈಲು ಒಂದೆರಡು ನಿಮಿಷ ಮಾತ್ರ ನಿಲ್ಲುತ್ತದೆ. ಯಾವ ನಿಲ್ದಾಣದಲ್ಲಿ, ಯಾವ ರೈಲಿಗೆ ಸೈಕಲ್ ಹಾಕಬಹುದೆಂದು ಮನೆಯಿಂದ ಹೊರಡುವ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ.