ಭಾರ ಎತ್ತುವ ಆಳುಗಳಲ್ಲಿ ಕರುಳಿಳಿತ

ಒಕ್ಕಣೆ ಮುಗಿದು ಕಣದಲ್ಲಿ ರಾಶಿ ಬಿದ್ದ ಮೇಲೆ, ಧಾನ್ಯವನ್ನು ಚೀಲಕ್ಕೆ ತುಂಬಿ, ಬಾಯಿ ಹೊಲಿದು, ಗಾಡಿಗೋ ಲಾರಿಗೋ ಏರಿಸುವ ಕೆಲಸವು ವ್ಯವಸಾಯದ ಯಾವತ್ತೂ ಕೆಲಸಗಳಲ್ಲಿ ಅತಿ ಸ್ವಲ್ಪ ಕಾಲ ಹಿಡಿಯತಕ್ಕದ್ದು. ಆದರೆ ಆಳಿನ ದೇಹಕ್ಕೆ ಅದರಷ್ಟು ಶ್ರಮವನ್ನುಂಟುಮಾಡುವ ಕೆಲಸ ಮತ್ತೊಂದಿಲ್ಲ. ಈ ಎರಡು ಮೂರು ದಿನಗಳಲ್ಲಿಯೇ ಎಷ್ಟೋ ಜನರಿಗೆ ತೊಡೆಸಂದಿನಲ್ಲಿ ಮೆತ್ತನೆಯ ಗಂಟೊಂದು ಮೊದಲ ಸಲ ಕಾಣಿಸಿಕೊಳ್ಳುವುದುಂಟು. ಇದನ್ನು ಆಯುರ್ವೇದದಲ್ಲಿ ಅಂತ್ರವೃದ್ಧಿಯೆಂದೂ, ಡಾಕ್ಟರುಗಳು ಹರ್ನಿಯಾ ಎಂದೂ, ಹಳ್ಳಿಗಳಲ್ಲಿ ಕರುಳು ಇಳಿಯುವುದೆಂದೂ, ಕೆಲವು ಕಡೆ ಅಂಡವಾಯುವೆಂದೂ ಕರೆಯುವರು. ಮರ್ಯಾದೆಯ ಸ್ಥಳದಲ್ಲಿ ಬಂದ ರೋಗವಾದುದರಿಂದ ಆಳು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ನಾಳೆ ಕೂಲಿಗೆ ಕರೆಯಲಾರರೆಂಬ ಭಯವೂ ಇರುವುದು. ಹೀಗೆ ಮುಚ್ಚಿಟ್ಟ ಗಂಟು ಒಂದು ದಿನ ಒಳಕ್ಕೆ ಹೋಗದೆ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ. ಊರಿನ ಮುಖ್ಯಸ್ಥರೂ ಜಮೀನುದಾರರೂ ಈ ವಿಷಯವನ್ನು ಅರಿತಿರಬೇಕಾದುದು ಇದಕ್ಕಾಗಿಯೇ.

ಹೊಟ್ಟೆಯ ಗೋಡೆಯು ಮಾಂಸಖಂಡಗಳ ಪದರಗಳಿಂದಾದುದು. ಗಂಡುಮಗುವು ತಾಯಿಯ ಗರ್ಭದಲ್ಲಿರುವಾಗ ವೃಷಣಗಳು ಹೊಟ್ಟೆಯೊಳಗೆ ಹುಟ್ಟಿ, ಆ ಗೋಡೆಯ ಮೂಲಕ ತೊಡೆಸಂದಿನಲ್ಲಿ ದಾರಿ ಮಾಡಿಕೊಂಡು ಕೆಳಗೆ ಇಳಿಯುತ್ತವೆ. ಆ ದಾರಿಯು ಬಹುಮಟ್ಟಿಗೆ ಮುಚ್ಚಿಹೋದರೂ, ವೃಷಣಕ್ಕೆ ಹೋಗುವ ರಕ್ತನಾಳಗಳಿಗಾಗಿ ಸ್ವಲ್ಪ ಎಡೆ ಉಳಿದೇ ಇರುವುದು. ಕೆರೆಯ ಏರಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಏರಿಯು ಎಷ್ಟೇ ಭದ್ರವಾಗಿದ್ದರೂ ನೀರಿನ ಒತ್ತಡವು ತೂಬಿನ ಸುತ್ತಲಿನ ಮಣ್ಣನ್ನೇ ಮೊದಲು ಹುಡುಕುವುದು. ಹಾಗೆಯೇ ಹೊಟ್ಟೆಯೊಳಗಿನ ಒತ್ತಡವು ಹೆಚ್ಚಿದಾಗ ಕೊಬ್ಬಿನ ಪೊರೆಯಾಗಲಿ ಕರುಳಿನ ಸುರುಳಿಯಾಗಲಿ ಆ ಎಡೆಯಲ್ಲಿ ಹೊರಕ್ಕೆ ನುಗ್ಗುವುದು. ಗಂಡಸರಲ್ಲಿ ಈ ರೋಗವು ಹೆಚ್ಚಾಗಿರಲು ಇದೇ ಕಾರಣ. ಇಂಗ್ಲೆಂಡಿನ ಒಂದು ಲೆಕ್ಕದಂತೆ ನೂರು ಗಂಡಸರಲ್ಲಿ ಸುಮಾರು 27 ಮಂದಿಗೆ, ನೂರು ಹೆಂಗಸರಲ್ಲಿ ಸುಮಾರು 3 ಮಂದಿಗೆ ಜೀವಮಾನದಲ್ಲಿ ಒಮ್ಮೆ ತೊಡೆಸಂದಿನ ಕರುಳಿಳಿತಕ್ಕಾಗಿ ಶಸ್ತ್ರಚಿಕಿತ್ಸೆಯ ಅಗತ್ಯ ಬೀಳಬಹುದು.

ಇಲ್ಲಿ ಒಂದು ವಾದವು ಊರೂರಿನಲ್ಲಿಯೂ ಕೇಳಿಬರುವುದು. “ಚೀಲ ಎತ್ತಿದ್ದರಿಂದಲೇ ನನಗೆ ಹೀಗಾಯಿತು” ಎಂದು ಆಳು ಹೇಳುವನು. “ಅದು ಅವನಿಗೆ ಮೊದಲೇ ಇತ್ತು” ಎಂದು ಯಜಮಾನನು ಹೇಳುವನು. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವುಂಟು. ಗೋಡೆಯ ದೌರ್ಬಲ್ಯವು ಹುಟ್ಟಿನಿಂದಲೋ ವಯಸ್ಸಿನಿಂದಲೋ ಮೊದಲೇ ಇರುವುದು ನಿಜ. ಒಂದೇ ಒಂದು ಸಲ ಭಾರ ಎತ್ತಿದುದರಿಂದ ಗಟ್ಟಿಯಾದ ಗೋಡೆಯು ಹರಿಯುವುದು ಅಪರೂಪ. ಆದರೆ ಡೆನ್ಮಾರ್ಕ್ ದೇಶದಲ್ಲಿ ಲಕ್ಷಾಂತರ ಗಂಡಸರ ಉದ್ಯೋಗ ಮತ್ತು ಚಿಕಿತ್ಸೆಯ ದಾಖಲೆಗಳನ್ನು ಹೋಲಿಸಿ ನೋಡಿ 2012ರಲ್ಲಿ ಪ್ರಕಟಿಸಿದ ವರದಿಯಂತೆ, ದಿನವೂ ಹೆಚ್ಚು ಭಾರ ಎತ್ತುವವರಲ್ಲಿ ಮತ್ತು ದಿನದ ಬಹುಭಾಗ ನಿಂತು ನಡೆದು ದುಡಿಯುವವರಲ್ಲಿ, ಮೇಲೆ ಹೇಳಿದ ಹಳೆಯ ದಾರಿಯಲ್ಲಿ ಇಳಿಯುವ ಬಗೆಯ ಹರ್ನಿಯಾ ಹೆಚ್ಚಾಗಿ ಕಂಡುಬಂದಿದೆ. ಏರಿಯು ದುರ್ಬಲವಾಗಿತ್ತೆಂದು ಹೇಳಿದ ಮಾತ್ರಕ್ಕೆ ನೀರನ್ನು ಮಿತಿಮೀರಿ ಏರಿಸಿದವನ ಹೊಣೆಯು ತೀರಿಹೋಗುವುದಿಲ್ಲ. ಇದಲ್ಲದೆ ಬಹುಕಾಲದ ಕೆಮ್ಮು, ಮಲಬದ್ಧತೆ, ವಯಸ್ಸಾದವರಲ್ಲಿ ತಿಣುಕಿ ಮೂತ್ರವಿಸರ್ಜನೆ ಮಾಡುವುದು, ಇವು ಸಹ ಹೊಟ್ಟೆಯ ಒತ್ತಡವನ್ನು ದಿನಕ್ಕೆ ಹತ್ತಾರು ಬಾರಿ ಹೆಚ್ಚಿಸುತ್ತವೆ. ಬೀಡಿ ಸೇದಿ ಕೆಮ್ಮುವ ಆಳಿನ ಬೆನ್ನಿಗೆ ಚೀಲ ಹೊರಿಸಿದರೆ ಎರಡು ಕಾರಣಗಳು ಒಂದುಗೂಡಿದಂತಾಯಿತು.

ಇನ್ನು ಚೀಲದ ತೂಕದ ವಿಚಾರ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಭತ್ತದ ಧಾರಣೆಯನ್ನು 75 ಕಿಲೋ ಚೀಲಕ್ಕೆ ಇಷ್ಟೆಂದು ಹೇಳುವ ವಾಡಿಕೆಯುಂಟು. ಯೂರಿಯಾ ಚೀಲವು 50 ಕಿಲೋ ಇದ್ದುದು 2018ರಿಂದ 45 ಕಿಲೋ ಆಗಿದೆ. ಸಿಮೆಂಟಿನ ಚೀಲವು 50 ಕಿಲೋ. ಪ್ರಾಯದ ಗಂಡಸಿನಿಂದ 55 ಕಿಲೋ ಮೀರಿದ ಭಾರವನ್ನು ಹೊರಿಸುವ ಪದ್ಧತಿಯಿದ್ದಲ್ಲಿ ಅದನ್ನು ಆದಷ್ಟು ಬೇಗ ತಗ್ಗಿಸತಕ್ಕದ್ದೆಂದೂ, ಹೆಂಗಸರಿಗೆ ಅದಕ್ಕಿಂತ ಬಹಳ ಕಡಿಮೆ ಭಾರವನ್ನು ಗೊತ್ತುಮಾಡತಕ್ಕದ್ದೆಂದೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರಲ್ಲಿ ಶಿಫಾರಸು ಮಾಡಿತು. ಅಂದರೆ ಕಾರ್ಖಾನೆಯಿಂದ ಬರುವ ಚೀಲಗಳು ಈ ಮಿತಿಯೊಳಗಿದ್ದು, ರೈತನ ಸ್ವಂತ ಕಣದಲ್ಲಿ ತುಂಬುವ ಚೀಲವೇ ಮಿತಿಯನ್ನು ಮೀರಿರುವುದು. ಮೂವತ್ತು ಕ್ವಿಂಟಾಲ್ ಭತ್ತವನ್ನು 75 ಕಿಲೋ ಲೆಕ್ಕದಲ್ಲಿ ತುಂಬಿದರೆ 40 ಚೀಲ, 50 ಕಿಲೋ ಲೆಕ್ಕದಲ್ಲಿ ತುಂಬಿದರೆ 60 ಚೀಲ. ಹೆಚ್ಚುವ 20 ಚೀಲಗಳ ಬೆಲೆಯೂ ಹೊಲಿಗೆಯ ಖರ್ಚೂ ಒಬ್ಬ ಆಳಿನ ಆಸ್ಪತ್ರೆಯ ಖರ್ಚಿನ ಮುಂದೆ ಏನೇನೂ ಅಲ್ಲ. ಆದರೆ ಕೂಲಿಯನ್ನು ಚೀಲಕ್ಕೆ ಇಷ್ಟೆಂದು ಗೊತ್ತುಮಾಡುವ ಊರುಗಳಲ್ಲಿ ಚಿಕ್ಕ ಚೀಲಕ್ಕೆ ದರವನ್ನು ಇಳಿಸುವ ಆಸೆಯು ಯಜಮಾನರಿಗೂ, ಕೆಲಸವನ್ನು ಅವಸರದಿಂದ ಮುಗಿಸುವ ಆಸೆಯು ಆಳುಗಳಿಗೂ ಉಂಟಾಗುವುದು. ತೂಕದ ಮೇಲೆ ಕೂಲಿ ಗೊತ್ತುಮಾಡಿದರೆ ಮೊದಲನೆಯದಕ್ಕೆ ಎಡೆಯಿಲ್ಲ; ಎರಡನೆಯದನ್ನು ಮೇಸ್ತ್ರಿಯು ನೋಡಿಕೊಳ್ಳತಕ್ಕದ್ದು.

ಹೊತ್ತು ನಡೆಯುವುದಕ್ಕಿಂತ ನೆಲದಿಂದ ಎತ್ತುವುದೇ ಹೆಚ್ಚು ಅಪಾಯಕರವೆಂಬುದನ್ನು ಹಿಂದಿನವರು ಚೆನ್ನಾಗಿ ತಿಳಿದಿದ್ದಂತೆ ತೋರುವುದು. ಹಳೆಯ ಕಾಲುದಾರಿಗಳ ಪಕ್ಕದಲ್ಲಿ ಎರಡು ಕಲ್ಲುಗಳನ್ನು ನಿಲ್ಲಿಸಿ ಮೇಲೊಂದು ಹಾಸುಗಲ್ಲನ್ನು ಅಡ್ಡಲಾಗಿ ಇರಿಸಿರುವುದನ್ನು ಅಲ್ಲಲ್ಲಿ ಈಗಲೂ ಕಾಣಬಹುದು. ದಾರಿಹೋಕನು ಯಾರ ಸಹಾಯವೂ ಇಲ್ಲದೆ, ಬಗ್ಗದೆ, ಹೊರೆಯನ್ನು ಅದರ ಮೇಲೆ ಇಳಿಸಿ ದಣಿವಾರಿಸಿಕೊಂಡು ಮತ್ತೆ ತಲೆಗೇರಿಸಿಕೊಳ್ಳಲೆಂದು ಧರ್ಮಾರ್ಥವಾಗಿ ಮಾಡಿಸಿದ ಕಲ್ಲುಗಳಿವು. ಇಂತಹ ಏರ್ಪಾಟು ಕಣದಲ್ಲಿಯೂ ಇರುವುದು ಉಚಿತ. ಸೊಂಟದೆತ್ತರದ ಒಂದು ಕಲ್ಲುಕಟ್ಟೆಯಾಗಲಿ, ಗಟ್ಟಿಯಾದ ಮರದ ಮಂಚವಾಗಲಿ ಇದ್ದರೆ ಸಾಕು. ಚೀಲವನ್ನು ಇಬ್ಬರು ಹಿಡಿದು ಅದರ ಮೇಲೆ ಇಡುವುದು, ಹೊರುವವನು ಅದಕ್ಕೆ ಬೆನ್ನು ಕೊಟ್ಟು ಅಲ್ಲಿಂದ ಹೊತ್ತುಕೊಳ್ಳುವುದು. ಗಾಡಿಗೆ ಏರಿಸುವಾಗ ಅಗಲವಾದ ಹಲಗೆಯನ್ನು ಇಳಿಜಾರಾಗಿ ಹಾಕತಕ್ಕದ್ದು. ನೆಲದಿಂದಲೇ ಎತ್ತಬೇಕಾದಾಗ ಮೊಣಕಾಲುಗಳನ್ನು ಮಡಿಸಿ, ಭಾರವನ್ನು ಮೈಗೆ ಅಪ್ಪಿ, ಸೊಂಟವನ್ನು ತಿರುಚದೆ ಎದ್ದು ನಿಲ್ಲಬೇಕು. ದಮ್ಮು ಕಟ್ಟಿ ಎತ್ತುವುದು ಶಕ್ತಿಯ ಲಕ್ಷಣವೆಂದು ಭಾವಿಸುವವರುಂಟು. ಉಸಿರನ್ನು ಬಿಗಿಹಿಡಿದಷ್ಟೂ ಹೊಟ್ಟೆಯೊಳಗಿನ ಒತ್ತಡ ಹೆಚ್ಚುವುದರಿಂದ, ಎತ್ತುವಾಗ ಉಸಿರನ್ನು ಹೊರಕ್ಕೆ ಬಿಡುತ್ತಿರುವುದೇ ಸರಿಯಾದ ಕ್ರಮ. ಹಬ್ಬಗಳಲ್ಲಿ ಪಂದ್ಯ ಕಟ್ಟಿ ಗುಂಡುಕಲ್ಲು ಎತ್ತುವ ಹುಡುಗರಿಗೂ ಈ ಮಾತು ಸಲ್ಲುವುದು.

ಗುರುತು ಹಿಡಿಯುವುದು ಕಷ್ಟವಲ್ಲ. ತೊಡೆಸಂದಿನಲ್ಲಿ, ಹೆಚ್ಚಾಗಿ ಬಲಗಡೆ, ಗಂಟು ಕಾಣಿಸುವುದು. ನಿಂತಾಗ, ಕೆಮ್ಮಿದಾಗ, ಭಾರ ಎತ್ತಿದಾಗ ಉಬ್ಬುವುದು, ಮಲಗಿದರೆ ಇಳಿದುಹೋಗುವುದು. ಸಾಯಂಕಾಲ ಜಗ್ಗಿದಂತೆ ನೋವಿರಬಹುದು, ಇಲ್ಲದೆಯೂ ಇರಬಹುದು. ಬೀಜದ ಚೀಲದಲ್ಲಿ ನೀರು ತುಂಬುವ ರೋಗವು ಬೇರೆ. ಆನೆಕಾಲು ರೋಗವು ಬಹುಕಾಲದಿಂದ ಇದ್ದ ಕಲಬುರಗಿ, ಬೀದರ್, ಉತ್ತರ ಕನ್ನಡ, ದಕ್ಷಿಣ ಕನ್ನಡ ಮೊದಲಾದ ಜಿಲ್ಲೆಗಳಲ್ಲಿ ಎರಡನ್ನೂ ಒಂದೇ ಎಂದು ಎಣಿಸುವುದುಂಟು. ನೀರು ತುಂಬಿದ ಬಾವು ಮಲಗಿದರೂ ಸಾಮಾನ್ಯವಾಗಿ ಇಳಿಯುವುದಿಲ್ಲ. ಹೆಂಗಸರಲ್ಲಿ ತೊಡೆಯ ಮೇಲ್ಭಾಗದಲ್ಲಿ, ಸಂದಿನ ಸ್ವಲ್ಪ ಕೆಳಗೆ, ನಿಂಬೆಹಣ್ಣಿಗಿಂತ ಚಿಕ್ಕದಾದ ಗಂಟಾಗಿಯೂ, ಬಾಣಂತನದ ನಂತರ ಹೊಕ್ಕುಳಿನಲ್ಲಿಯೂ ಬರುವುದುಂಟು. ತೊಡೆಯ ಗಂಟು ನೋಡಲು ಅಲ್ಪವೆನಿಸಿದರೂ ಸಿಕ್ಕಿಕೊಳ್ಳುವ ಸ್ವಭಾವ ಅದಕ್ಕೇ ಹೆಚ್ಚು. ಹೆಂಗಸರು ಇದನ್ನು ಗಂಡಸರಿಗಿಂತಲೂ ಹೆಚ್ಚಾಗಿ ಮರೆಮಾಡುವುದರಿಂದ, ಹುಲ್ಲು ಸೌದೆ ಹೊರುವ ಹೆಣ್ಣಾಳುಗಳಿಗೆ ಮನೆಯ ಹಿರಿಯ ಹೆಂಗಸರ ಮೂಲಕ ತಿಳಿಯಹೇಳಿಸುವುದು ಒಳ್ಳೆಯದು. ಕರುವಿನ ಹೊಕ್ಕುಳಿನಲ್ಲಿ ಗಂಟು ಕಂಡೊಡನೆ ಪಶುವೈದ್ಯರಿಗೆ ಹೇಳಿಕಳುಹಿಸುವ ಮನೆಗಳಲ್ಲಿಯೇ ಆಳಿನ ಗಂಟು ವರ್ಷಗಟ್ಟಲೆ ಹಾಗೆಯೇ ಇರುವುದು ಆಶ್ಚರ್ಯಕರವಾದ ಸಂಗತಿ.

ಔಷಧ ಕುಡಿಯುವುದರಿಂದಾಗಲಿ, ಎಣ್ಣೆ ತಿಕ್ಕುವುದರಿಂದಾಗಲಿ, ಕಾಸಿದ ಕಬ್ಬಿಣದಿಂದ ಬರೆ ಹಾಕುವುದರಿಂದಾಗಲಿ ಆ ಎಡೆಯು ಮುಚ್ಚುವುದಿಲ್ಲ. ಬಿಗಿಯಾದ ಲಂಗೋಟಿಯೂ ಅಂಗಡಿಯಲ್ಲಿ ದೊರೆಯುವ ಪಟ್ಟಿಯೂ ಗಂಟನ್ನು ಸ್ವಲ್ಪ ಕಾಲ ತಡೆಹಿಡಿಯಬಹುದೇ ಹೊರತು ವಾಸಿಮಾಡಲಾರವು; ಗಂಟು ಹೊರಗಿರುವಾಗಲೇ ಪಟ್ಟಿ ಬಿಗಿದರೆ ಕೆಡುಕೇ ಹೆಚ್ಚು. ಶಸ್ತ್ರಚಿಕಿತ್ಸೆಯೊಂದೇ ಪರಿಹಾರ. ಹೊಟ್ಟೆಯ ಗೋಡೆಯನ್ನು ಪದರಪದರವಾಗಿ ಹೊಲಿದು ಭದ್ರಪಡಿಸುವ ಕ್ರಮವನ್ನು ಇಟಲಿಯ ಎಡ್ವಾರ್ಡೋ ಬಸ್ಸೀನಿ ಎಂಬ ವೈದ್ಯರು 1880ರ ದಶಕದಲ್ಲಿ ಬಳಕೆಗೆ ತಂದರು. ಈಗ ಆ ಸ್ಥಳದಲ್ಲಿ ತೆಳುವಾದ ಬಲೆಯೊಂದನ್ನು ಇಟ್ಟು ಹೊಲಿಯುವುದು ಸಾಮಾನ್ಯ. ಬಲೆಯು ದುಬಾರಿಯಾಗಿದ್ದುದರಿಂದ ಮಹಾರಾಷ್ಟ್ರದ ದೊಂಡಾಯಿಚಾ ಎಂಬ ಊರಿನ ಡಾಕ್ಟರ್ ರವೀಂದ್ರನಾಥ ಟೋಂಗಾಂವ್‌ಕರ್ ಅವರು ಸೊಳ್ಳೆಪರದೆಯ ಬಟ್ಟೆಯನ್ನೇ ಶುದ್ಧಗೊಳಿಸಿ ಬಳಸಿ, ಸಂಗಡಿಗ ವೈದ್ಯರೊಡನೆ 2003ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಉಗಾಂಡ ದೇಶದಲ್ಲಿ ಇಂತಹ ಅಗ್ಗದ ಬಲೆಯನ್ನು ಬೆಲೆಬಾಳುವ ಬಲೆಯೊಡನೆ ಹೋಲಿಸಿ ನೋಡಿದಾಗ ಗಮನಾರ್ಹವಾದ ವ್ಯತ್ಯಾಸವು ಕಾಣಲಿಲ್ಲವೆಂದು 2016ರಲ್ಲಿ ವರದಿಯಾಯಿತು. ಹಳ್ಳಿಯ ಬಡವರ ರೋಗಕ್ಕೆ ಹಳ್ಳಿಯಂಗಡಿಯ ವಸ್ತುವಿನಿಂದಲೇ ಉಪಾಯ ದೊರೆತುದು ಸಂತೋಷದ ವಿಷಯ.

ನೋವೇ ಇಲ್ಲದ ಗಂಟನ್ನು ಕೆಲವು ಕಾಲ ಹಾಗೆಯೇ ನೋಡುತ್ತಿರಬಹುದೆಂದು ವೈದ್ಯರು ಹೇಳುವುದುಂಟು. ಅಮೆರಿಕದಲ್ಲಿ 2006ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಹಾಗೆ ಕಾದವರಲ್ಲಿ ಗಂಟು ಸಿಕ್ಕಿಕೊಂಡುದು ವರ್ಷಕ್ಕೆ ಸಾವಿರಕ್ಕೆ ಇಬ್ಬರಿಗಿಂತ ಕಡಿಮೆ. ಆದರೆ ಹತ್ತು ವರ್ಷಗಳೊಳಗೆ ಅವರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಜನರು, ಬಹುಮಟ್ಟಿಗೆ ನೋವಿನ ಕಾರಣದಿಂದ, ಶಸ್ತ್ರಚಿಕಿತ್ಸೆಗೇ ಬಂದರು. ಆಸ್ಪತ್ರೆಯ ಹತ್ತಿರ ವಾಸಿಸುತ್ತ ಕುಳಿತು ಕೆಲಸ ಮಾಡುವವರಿಗೆ ಕಾಯುವುದು ಸರಿಯಿರಬಹುದು. ಆಸ್ಪತ್ರೆಗೆ ಮೂವತ್ತು ನಾಲ್ವತ್ತು ಮೈಲಿ ದೂರದಲ್ಲಿದ್ದು ದಿನವೂ ಚೀಲ ಹೊರುವವನು ಬೇಸಗೆಯ ಬಿಡುವಿನಲ್ಲಿ ಚಿಕಿತ್ಸೆ ಮಾಡಿಸಿಕೊಳ್ಳುವುದೇ ಮೇಲು. ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ವಿಚಾರಿಸಿ, 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯ ನೆರವು ಪಡೆಯಲು ಪಡಿತರ ಚೀಟಿ, ಆಧಾರ್ ಕಾರ್ಡುಗಳನ್ನು ಸಿದ್ಧಪಡಿಸಿಕೊಡುವುದು ಮುಖ್ಯಸ್ಥರು ಮಾಡಬಹುದಾದ ಸುಲಭವಾದ ಉಪಕಾರ.

ದಿನವೂ ಒಳಕ್ಕೆ ಹೋಗುತ್ತಿದ್ದ ಗಂಟು ಒಂದು ದಿನ ಹೋಗದೆ ನಿಂತು, ಗಟ್ಟಿಯಾಗಿ, ಮುಟ್ಟಿದರೆ ಸಹಿಸಲಾರದ ನೋವಾಗಿ, ವಾಂತಿ ಆರಂಭವಾಗಿ, ಹೊಟ್ಟೆಯುಬ್ಬಿ, ಮಲವೂ ವಾಯುವೂ ಕಟ್ಟಿಹೋದರೆ, ಕರುಳಿಗೆ ರಕ್ತವು ನಿಂತುಹೋಗುತ್ತಿದೆಯೆಂದು ತಿಳಿಯಬೇಕು. ಬೆಳಗಾಗಲೆಂದು ಕಾಯತಕ್ಕದ್ದಲ್ಲ. ರಕ್ತ ನಿಂತ ಕರುಳು ಕೆಲವೇ ಗಂಟೆಗಳಲ್ಲಿ ಕೊಳೆಯತೊಡಗುವುದು. ಗಂಟನ್ನು ಬಲವಂತದಿಂದ ಒಳಕ್ಕೆ ಒತ್ತಬಾರದು, ಭೇದಿಯ ಔಷಧ ಕೊಡಲೇಬಾರದು, ಶಾಖ ಕೊಡಬಾರದು, ಊಟ ನೀರು ಯಾವುದನ್ನೂ ಕೊಡದೆ ಮಲಗಿಸಿ, 108ಕ್ಕೆ ಕರೆಮಾಡಿ, ಅದು ತಡವಾಗುವಂತಿದ್ದರೆ ಊರಿನ ಯಾವುದೇ ವಾಹನದಲ್ಲಿ, ಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆಗೆ ನೇರವಾಗಿ ಸಾಗಿಸಬೇಕು.

ಚಿಕಿತ್ಸೆಯಾದ ಆಳು ಕೆಲವು ದಿನಗಳಲ್ಲಿ ಓಡಾಡಬಲ್ಲನು. ಭಾರವನ್ನು ಮಾತ್ರ ವೈದ್ಯರು ಅಪ್ಪಣೆ ಕೊಡುವ ತನಕ, ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ, ಎತ್ತತಕ್ಕದ್ದಲ್ಲ. ಕೂಲಿಯಿಲ್ಲದೆ ಆರು ವಾರ ಕುಳಿತಿರಲಾರದೆ ಮೂರನೆಯ ವಾರವೇ ಚೀಲಕ್ಕೆ ಕೈಹಾಕಿದರೆ ಗಂಟು ಮರುಕಳಿಸುವ ಸಂಭವವುಂಟು. ಕಣದ ಕಾವಲು, ತಕ್ಕಡಿಯ ಬಳಿ ಲೆಕ್ಕ ಹಿಡಿಯುವುದು, ಬೀಜ ಆರಿಸುವುದು, ಸಸಿಮಡಿಗೆ ನೀರು ತಿರುಗಿಸುವುದು, ಇಂತಹ ಹಗುರವಾದ ಕೆಲಸಗಳು ಪ್ರತಿಯೊಂದು ಜಮೀನಿನಲ್ಲಿಯೂ ಇದ್ದೇ ಇರುತ್ತವೆ. ಆ ದಿನಗಳಲ್ಲಿ ಇವನ್ನು ಅವನಿಗೆ ಕೊಟ್ಟು ಎಂದಿನ ಕೂಲಿಯನ್ನೇ ಕೊಡತಕ್ಕದ್ದು.