ಕಾವಲು ಕೋಶಗಳ ಸುದ್ದಿ

ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ಅಂಕೆಮೀರಿ ಬೆಳೆದಾಗ ಹುಟ್ಟುವ ಕ್ಯಾನ್ಸರನ್ನು ಮೆಲನೋಮವೆನ್ನುತ್ತೇವೆ. ಅದು ಮುಂದೆ ಎಷ್ಟು ಬಾಧಿಸೀತೆಂದು ತಿಳಿಯುವುದೆಂತು? 1970ರಲ್ಲಿ ಅಮೆರಿಕದ ಬ್ರೆಸ್ಲೋ ಎಂಬ ವೈದ್ಯರು ಗಡ್ಡೆಯ ದಪ್ಪವನ್ನು ಮಿಲಿಮೀಟರುಗಳಲ್ಲಿ ಅಳೆದು ಮುನ್ಸೂಚನೆ ಪಡೆಯುವ ದಾರಿ ತೋರಿದರು. ಅದು ಇಂದಿಗೂ ಬಳಕೆಯಲ್ಲಿದೆ.

ಆದರೆ ದೇಹವು ಗಡ್ಡೆಯೊಡನೆ ಹೇಗೆ ಹೋರಾಡುತ್ತಿದೆಯೆಂಬುದನ್ನು ಅಳತೆಗೋಲು ಹೇಳಲಾರದು. ಅದಕ್ಕಾಗಿ ನಾವು ಸೈಟೊಕೈನುಗಳನ್ನು, ಎಂದರೆ ರಕ್ಷಕಕೋಶಗಳು ಪರಸ್ಪರ ಸುದ್ದಿ ಮುಟ್ಟಿಸಲು ಬಳಸುವ ಪ್ರೋಟೀನುಗಳನ್ನು, ನೋಡಬೇಕಾಗುತ್ತದೆ. ಗಡ್ಡೆಯನ್ನು ಹೊಕ್ಕ ಟಿ-ಕೋಶಗಳು ಗಾಮಾ ಇಂಟರ್‌ಫೆರಾನನ್ನು ಸ್ರವಿಸುತ್ತಿದ್ದರೆ ಸಾಮಾನ್ಯವಾಗಿ ಅದು ಶುಭಸೂಚನೆ.

ಇಂಟರ್‌ಲ್ಯೂಕಿನ್-8ರ ಸಂಗತಿ ಬೇರೆ. ಅದನ್ನು ಗಡ್ಡೆಯೇ ತಯಾರಿಸಿ, ಹೊಸ ರಕ್ತನಾಳಗಳನ್ನು ತನ್ನೆಡೆಗೆ ಬೆಳೆಯಿಸಿಕೊಳ್ಳಬಲ್ಲುದು. ಕಾವಲುಗಾರನ ಸಿಳ್ಳೆಯನ್ನು ಕಳ್ಳನೇ ಊದಿದಂತೆ! ರೋಗ ಹರಡಿದವರ ರಕ್ತದಲ್ಲಿ ಅದು ಹೆಚ್ಚಿದ್ದರೆ ಆಯುಸ್ಸು ಸರಾಸರಿಯಲ್ಲಿ ಕಡಿಮೆಯೆಂದು ಕಂಡುಬಂದಿದೆ. ಆದರೆ ಸೋಂಕು ತಗುಲಿದಾಗಲೂ ಅದು ಏರುವುದುಂಟು. ಆದುದರಿಂದ ಈ ಒಂದೇ ಅಂಕಿಯಿಂದ ರೋಗಿಯ ಭವಿಷ್ಯವನ್ನು ನುಡಿಯುವಂತಿಲ್ಲ.