ಮಗಳು ಟೆನಿಸ್ ಕೋಚ್ ಆಗ್ತೀನಿ ಅಂದರೆ

ಚಿಕ್ಕಂದಿನಿಂದ ಟೆನಿಸ್ ಆಡಿದ ಮಗಳು ‘ಟೂರ್ನಿ ಸಾಕು, ಇನ್ನು ಕೋಚಿಂಗ್‌ಗೆ ಹೋಗ್ತೀನಿ’ ಎಂದಾಗ ಹೆತ್ತವರಿಗೆ ಮೊದಲು ನೆನಪಾಗುವುದು ರಾಕೆಟ್ಟಿಗೆ, ಶೂಗೆ, ಊರೂರು ಸುತ್ತಿದ್ದಕ್ಕೆ ಸುರಿದ ದುಡ್ಡು. ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತೇ ಎಂಬ ಸಂಕಟ ಸಹಜ. ಆದರೆ ಅದನ್ನು ಅವಳೆದುರು ಆಡಿ ತೋರಿಸಬೇಡಿ. ಕಲಿಸುವುದು ಬೇರೆಯದೇ ವೃತ್ತಿ. ಅದನ್ನು ಮೊದಲಿನಿಂದ ಕಲಿಯಲು ಅವಳಿಗೆ ಮನಸ್ಸಿದೆಯೇ ಎಂಬುದಷ್ಟೇ ಈಗ ನೋಡಬೇಕಾದದ್ದು.

ರ‍್ಯಾಂಕಿಂಗ್ ನೋಡಿ ಅಳೆಯಬೇಡಿ. ಆಟಗಾರರಾಗಿ ಬ್ರಾಡ್ ಗಿಲ್ಬರ್ಟ್ ಒಂದೂ ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್ ಗೆದ್ದವರಲ್ಲ. 1994ರಲ್ಲಿ ಅವರು ಆಂಡ್ರೆ ಅಗಾಸಿಗೆ ಕೋಚ್ ಆದರು. ಅದೇ ವರ್ಷ ಅಗಾಸಿ ಯುಎಸ್ ಓಪನ್ ಗೆದ್ದರು.

ಚೆನ್ನಾಗಿ ಆಡುವವರಿಗೆ ಹೊಡೆತ ಕೈಗೆ ಹತ್ತಿಬಿಟ್ಟಿರುತ್ತದೆ. ಅದನ್ನು ಬಿಡಿಸಿ ಹೇಳುವುದೇ ಕಷ್ಟ. ಏಳು ವರ್ಷದ ಹುಡುಗನಿಗೆ ಹಳದಿ ಚೆಂಡು ತಲೆಯೆತ್ತರಕ್ಕೆ ಪುಟಿಯುತ್ತಿದೆ ಎನ್ನಿ. ಹೊಸ ಕೋಚ್ ‘ಭುಜ ತಿರುಗಿಸು, ಮಂಡಿ ಬಗ್ಗಿಸು, ಫಾಲೋ ಥ್ರೂ ಮಾಡು’ ಎಂದು ಒಂದೇ ಉಸಿರಿಗೆ ಹೇಳುತ್ತಾರೆ. ಹುಡುಗ ಕಕ್ಕಾಬಿಕ್ಕಿ. ಪಳಗಿದ ಕೋಚ್ ಚೆಂಡನ್ನೇ ಬದಲಿಸಿ ಕೆಂಪು ಚೆಂಡು ಕೊಡುತ್ತಾರೆ. ಕೆಂಪು ಚೆಂಡು ಮಾಮೂಲಿ ಚೆಂಡಿಗಿಂತ ಸುಮಾರು ಶೇ 75ರಷ್ಟು ನಿಧಾನ. ಕೋರ್ಟ್ ಕೂಡ 23.77 ಮೀಟರ್ ಬದಲು 11 ಮೀಟರ್ ಉದ್ದದ್ದು. ಚೆಂಡು ಸೊಂಟದ ಮಟ್ಟಕ್ಕೆ ಬಂತೆಂದರೆ ಅರ್ಧ ತಪ್ಪು ತಾನಾಗಿ ತಿದ್ದಿಹೋಗುತ್ತದೆ. ಹತ್ತು ವರ್ಷ ಮತ್ತು ಅದಕ್ಕಿಂತ ಚಿಕ್ಕವರ ಸ್ಪರ್ಧೆಗಳಲ್ಲಿ ಮಾಮೂಲಿ ಹಳದಿ ಚೆಂಡು ಬೇಡವೆಂದು ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ (ಐಟಿಎಫ್) 2012ರಿಂದ ನಿಯಮವನ್ನೇ ಮಾಡಿದೆ.

ಇದೆಲ್ಲ ಕಲಿಯುವ ದಾರಿ ಇದೆ. ಮೊದಲು ಹಿರಿಯ ಕೋಚ್ ಒಬ್ಬರ ಕೈಕೆಳಗೆ ಸಹಾಯಕಿಯಾಗಿ ದುಡಿಯಲಿ. ಜೊತೆಗೆ ಆರಂಭಿಕ ಮತ್ತು ಮಧ್ಯಮ ಹಂತದವರಿಗೆ ಕಲಿಸುವ ಐಟಿಎಫ್ ಕೋರ್ಸ್ ಮಾಡಲಿ. ಕೋರ್ಸ್ ಯಾವಾಗ, ಎಲ್ಲಿ ಎಂದು ತಿಳಿಯಲು ಅಖಿಲ ಭಾರತ ಟೆನಿಸ್ ಸಂಸ್ಥೆಯ ಪ್ರಕಟಣೆಗಳ ಮೇಲೆ ಕಣ್ಣಿಡಿ. ಪ್ರಥಮ ಚಿಕಿತ್ಸೆ ಮತ್ತು ಮಕ್ಕಳ ಸುರಕ್ಷತೆಯ ತಿಳಿವಳಿಕೆ ಇಲ್ಲದೆ ಯಾರೂ ಮಕ್ಕಳ ಕೋರ್ಟಿಗೆ ಇಳಿಯಬಾರದು.

ದುಡ್ಡಿನ ಮಾತನ್ನೂ ಬಿಚ್ಚಿ ಆಡಿ. ಶುರುವಿನಲ್ಲಿ ಸಂಪಾದನೆ ಹೆಚ್ಚಾಗಿ ಗಂಟೆ ಲೆಕ್ಕದ್ದು. ಮಳೆಗೆ ಕೋರ್ಟ್ ಒದ್ದೆಯಾದರೆ ಅಂದಿನ ಕ್ಲಾಸೂ ಇಲ್ಲ, ಕಾಸೂ ಇಲ್ಲ. ಪರೀಕ್ಷೆ ತಿಂಗಳಲ್ಲಿ ಮಕ್ಕಳೇ ಬರುವುದಿಲ್ಲ. ಹಾಗಾಗಿ ಪದವಿ ಬಿಡಿಸಬೇಡಿ. ಕ್ಲಾಸುಗಳು ಬೆಳಿಗ್ಗೆ, ಸಂಜೆ ಇರುವುದರಿಂದ ನಡುವೆ ಕಾಲೇಜಿಗೆ ಹೊತ್ತು ಸಿಗುತ್ತದೆ. ದುಡ್ಡಿನಂತೆ ಮೈಯ ಕಡೆಗೂ ಗಮನವಿರಲಿ: ಬುಟ್ಟಿಗಟ್ಟಲೆ ಚೆಂಡು ಫೀಡ್ ಮಾಡುವ ಭುಜಕ್ಕೆ ವ್ಯಾಯಾಮವೂ ವಿಶ್ರಾಂತಿಯೂ ಬೇಕು.

ಕೆಲವು ತಿಂಗಳು ಕಳೆದ ಮೇಲೆ, ಕ್ಲಾಸ್ ಮುಗಿಸಿ ಬಂದವಳು ಊಟಕ್ಕೆ ಕೂತಾಗ ಏನು ಮಾತಾಡುತ್ತಾಳೆ, ಗಮನಿಸಿ. ‘ನಾನು ಆಡುವಾಗ ಹೀಗೆ ಹೊಡೀತಿದ್ದೆ’ ಎಂಬುದೇ ಮುಗಿಯದಿದ್ದರೆ ಅವಳ ಮನಸ್ಸಿನ್ನೂ ಟೂರ್ನಿಯಲ್ಲೇ ಇರಬಹುದು. ಮತ್ತೊಂದು ವರ್ಷ ಆಡುವ ಯೋಚನೆ ಇದೆಯೇ ಎಂದು ಕೇಳಿ. ‘ಆ ಪುಟ್ಟಿ ಇವತ್ತು ಸರ್ವ್ ಒಳಗೆ ಹಾಕಿದಳು’ ಎಂದು ಹಿಗ್ಗಿದರೆ ಕೋರ್ಸಿನ ಫೀಸು ಕಟ್ಟಿ.